ಮೂರನೇ ಹಾಡಿನ ‘ಶ್’

“ಮೂರನೇ ಹಾಡಲ್ಲಿ ಗಿಟಾರ್ ಶುರುವಾಗೋ ಮುಂಚೆ ಹಾಡುಗಾರ ‘ಶ್...’ ಅಂತಾನಲ್ಲ, ಅದನ್ನೇ ನುಂಗಿಹಾಕಿದಾರೆ!” ಕನ್ನಡಕದಂಗಡಿಯವನು ಆ ಹಳೇ ರಾಕ್ ಬ್ಯಾಂಡಿನ ಮರುಬಿಡುಗಡೆಯ ರೆಕಾರ್ಡನ್ನು ಮೇಜಿನ ಮೇಲೆ ಕುಕ್ಕಿದ.

ಭಾನುವಾರದ ಅಭಿಮಾನಿ ಬಳಗ ಗೊಳ್ಳೆಂದು ನಕ್ಕಿತು. ಡ್ರಾಯಿಂಗ್ ಮೇಷ್ಟ್ರು ಮೂಲ ರೆಕಾರ್ಡನ್ನೇ ಹಾಕಿದರು. ಡ್ರಮ್ಸ್ ನಿಂತಿತು, ಗಿಟಾರ್ ಸಿಡಿಯಿತು. ನಡುವೆ ಏನೂ ಇರಲಿಲ್ಲ.

“ನೀವು ಕೇಳಿದ್ದು ಯಾವುದ್ರಲ್ಲಿ ಸ್ವಾಮಿ?”

“ಕ್ಯಾಸೆಟ್ಟಲ್ಲಿ. ನಮ್ಮಣ್ಣ ಗೆಳೆಯನ ಮನೇಲಿ ಸ್ಪೀಕರ್ ಮುಂದೆ ಟೇಪ್‌ರೆಕಾರ್ಡರ್ ಇಟ್ಟು...” ಹೇಳುತ್ತಿರುವಾಗಲೇ ಅವನಿಗೆ ಹೊಳೆಯಿತು. ಅವತ್ತು ಪಕ್ಕದಲ್ಲಿ ಕೂತು ವಟವಟ ಅನ್ನುತ್ತಿದ್ದವನು ತಾನೇ. ಆ ‘ಶ್’ ಅಣ್ಣನದು, ತನಗೆ ಹೇಳಿದ್ದು.

ಅಣ್ಣ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು. ಹೊಸ ರೆಕಾರ್ಡ್ ಬಂತಲ್ಲ, ಇನ್ನೇಕೆ ಎಂದು ಆ ಕ್ಯಾಸೆಟ್ಟನ್ನು ಅವನು ಹೋದ ವಾರವಷ್ಟೇ ಗುಜರಿಗೆ ಹಾಕಿದ್ದ.