ಟೊಮೆಟೊ ಗಿಡದ ನೆತ್ತಿ

"ಅಮ್ಮಾ, ಬಟ್ಟೆ ಕತ್ತರೀನ ಇಲ್ಲಿಗ್ಯಾಕೆ ತಂದೆ?" ಎಂದಳು ಮಗಳು. ಅವಳು ಮೊಣಕಾಲೂರಿ ಕೂತು ಬೀನ್ಸ್ ಸಾಲಿನ ಬುಡಕ್ಕೆ ಮಣ್ಣೇರಿಸುತ್ತಿದ್ದಳು.

"ಗಿಡ ಕಟ್ಟೋಕೆ ಪಟ್ಟಿ ಬೇಡ್ವಾ? ಹಲ್ಲಲ್ಲಿ ಹರೀಲಾ?" ಎಂದಳು ಟೈಲರಮ್ಮ. ಹೆಗಲ ತುಂಬ ಬಣ್ಣಬಣ್ಣದ ಬಟ್ಟೆಚೂರು, ಕೊರಳಲ್ಲಿ ತೆಗೆಯಲು ಮರೆತ ಅಳತೆ ಟೇಪು. ಅದೇ ವೇಷದಲ್ಲಿ ಟೊಮೆಟೊ ಸಾಲಿಗೆ ಇಳಿದಿದ್ದಳು. ಬೇಸಿಗೆ ಆಗಷ್ಟೇ ಕಾಲಿಟ್ಟಿತ್ತು. ಗಿಡಗಳು ಸೊಂಟದೆತ್ತರ ಬಂದು, ಆಸರೆಯಿಲ್ಲದೆ ದಾರಿಗೆ ಅಡ್ಡ ಒರಗತೊಡಗಿದ್ದವು.

ಬೇರೆ ವರ್ಷವಾಗಿದ್ದರೆ ಅವಳು ಈ ಬೇಲಿ ದಾಟುವ ಹಾಗೇ ಇರಲಿಲ್ಲ. ಹಿತ್ತಲ ಈ ತುಂಡು ನೆಲ ಪೂರ್ತಿ ಗಂಡನ ರಾಜ್ಯ. ಬಸ್ ಓಡಿಸುತ್ತಿದ್ದಾಗ ಎದುರು ಬಂದವರನ್ನೆಲ್ಲ ಬೈಯುತ್ತಿದ್ದ ಆಸಾಮಿ, ನಿವೃತ್ತನಾದ ಮೇಲೆ ಬಸವನಹುಳುಗಳನ್ನು ಬೈದುಕೊಂಡು ಸುಖವಾಗಿದ್ದ. ಹೆಂಡತಿ ತೊಂಡೆಬಳ್ಳಿ ಕಡೆ ಒಂದು ಹೆಜ್ಜೆ ಇಟ್ಟರೂ ಸಾಕು, ಒಳಗಿನಿಂದಲೇ ಹಾರ್ನ್ ಹೊಡೆದ ಹಾಗೆ ಕೂಗುತ್ತಿದ್ದ.

ಈಗ ಅವನು ಗೋಡೆಯ ನೆರಳಿನಲ್ಲಿ ಕುರ್ಚಿಯ ಮೇಲೆ ಕೂತಿದ್ದ. ಪಾರ್ಶ್ವವಾಯು ಬಡಿದು ಬಲಗೈಯನ್ನೂ ಮಾತನ್ನೂ ಒಟ್ಟಿಗೇ ಕಿತ್ತುಕೊಂಡಿತ್ತು. ಕೈ ಅಷ್ಟಿಷ್ಟು ವಾಪಸು ಬರುತ್ತಿತ್ತು. ಮಾತಿನ ಸುಳಿವೇ ಇರಲಿಲ್ಲ. ಮಾತು ಕಲಿಸಲು ಬರುವಾಕೆ ಲೋಟದ ಚಿತ್ರ, ಬಾಚಣಿಗೆಯ ಚಿತ್ರ ಹಿಡಿದು ಎಷ್ಟು ಪುಸಲಾಯಿಸಿದರೂ, "ಆಂ... ಆಂ..." ಎಂದು ಹೆಣಗಾಡಿ, ಕೊನೆಗೆ ಮುಖ ಆಚೆ ತಿರುಗಿಸಿಬಿಡುತ್ತಿದ್ದ. "ಅವರಿಗೆ ಎಲ್ಲ ಅರ್ಥ ಆಗುತ್ತೆ. ಮಾತು ಬರಬಹುದು, ಬರದೇನೂ ಇರಬಹುದು," ಎಂದಿದ್ದರು ಡಾಕ್ಟರು. ಆ 'ಬರದೇನೂ' ಟೈಲರಮ್ಮನ ಎದೆಯಲ್ಲಿ ಮುರಿದ ಸೂಜಿಯಂತೆ ಕೂತಿತ್ತು. ಇನ್ನು ಮೇಲೆ ಈ ಮನೆಯಲ್ಲಿ ತನ್ನ ದನಿಯೊಂದೇನಾ ಎಂದು ಅವಳಿಗೆ ದಿಗಿಲು. ಆ ದಿಗಿಲಿಗೇ ಇಬ್ಬರ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದಳು.

ಅವಳು ಮೊದಲ ಗಿಡವನ್ನು ಕೋಲಿಗೆ ಬಿಗಿದು, ಪಟ್ಟಿಯ ತುದಿಗೆ ಅಂದವಾದ ಹೂಗಂಟು ಹಾಕಿದಳು. ಕುರ್ಚಿಯಿಂದ "ಹ್ಞೂಂ!" ಎಂದು ಗಡುಸಾದ ಸದ್ದು ಬಂತು.

"ನೋಡ್ದ್ಯಾ, ನಿಮ್ಮಪ್ಪಂಗೆ ಗಂಟು ಇಷ್ಟ ಆಯ್ತು."

"ಇಷ್ಟ ಆದ ಮುಖ ಅಲ್ಲಮ್ಮ ಅದು. ಸಡಿಲ ಕಟ್ಟು, ಕಾಂಡ ದಪ್ಪ ಆಗೋಕೆ ಜಾಗ ಬೇಡ್ವಾ?"

"ಸಡಿಲ ಹೊಲಿಗೆ ನನ್ನ ಕೈಲಿ ಬರಲ್ಲಪ್ಪ," ಎಂದು ಟೈಲರಮ್ಮ ಮುಂದಿನದನ್ನೂ ಅಷ್ಟೇ ಬಿಗಿಯಾಗಿ ಕಟ್ಟಿದಳು. ಸಾಲು ಮುಗಿದ ಮೇಲೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದಳು. ಮುಖ ಹುಳ್ಳಗಾಯಿತು. "ಏನೇ ಇದು, ಒಂದು ಉದ್ದ ಒಂದು ಗಿಡ್ಡ! ಅಂಚು ಏರುಪೇರಾದ ಪರದೆ ಥರ."

"ಅದು ಹಾಗೇ ಇರುತ್ತಮ್ಮ. ಎಲೆ ಕಂಕುಳಲ್ಲಿ ಬರೋ ಚಿಗುರು ಮಾತ್ರ ಚಿವುಟಬೇಕು. ಮೇಲಿಂದು ಮುಟ್ಟಬಾರ್ದು."

"ಕಂಕುಳು ಆಮೇಲೆ. ಮೊದ್ಲು ಮಟ್ಟ ಆಗ್ಲಿ." ಅವಳು ಟೇಪು ಹಿಡಿದು ಗಿಡ್ಡ ಗಿಡವನ್ನು ಅಳೆದಳು, ಪಕ್ಕದ ಎತ್ತರದ ಗಿಡದ ಮೇಲೆ ಅದೇ ಅಳತೆಗೆ ಬೆರಳಿಟ್ಟಳು. ಹೂಮೊಗ್ಗು ಬಿಟ್ಟಿದ್ದ ತುದಿಯನ್ನು ಕಚಕ್ಕನೆ ಕತ್ತರಿಸಿದಳು.

"ದಡ್ಡೀ!"

ಮಗಳು ಬೇಲಿಯಾಚೆ ಯಾರೋ ಕೂಗಿದರೆಂದು ಆ ಕಡೆ ತಿರುಗಿದಳು. ಯಾರೂ ಇರಲಿಲ್ಲ. ಕುರ್ಚಿಯಲ್ಲಿ ಅಪ್ಪ ಎಡಗೈ ಊರಿ ಅರ್ಧ ಎದ್ದಿದ್ದ. ಮುಖ ಕೆಂಡವಾಗಿತ್ತು.

"ನೆ... ನೆ... ನೆತ್ತಿ!" ಎಂದ ಅವನು, ಗಿಡದ ಕಡೆ ಕೈ ತೋರಿಸಲು ಹೋಗಿ ಮತ್ತೆ ಕುರ್ಚಿಗೆ ಕುಸಿದ.

ಟೈಲರಮ್ಮ ಕೆಸರೆನ್ನದೆ ಸಾಲಿನ ನಡುವೆಯೇ ಕೂತುಬಿಟ್ಟಳು. ಇದೇ 'ದಡ್ಡಿ' ಎಂಬ ಮಾತಿಗೆ ಅವಳು ಎಷ್ಟು ಸಲ ಮುನಿಸಿಕೊಂಡು ತಟ್ಟೆ ಕುಕ್ಕಿದ್ದಳೋ ಲೆಕ್ಕವಿಲ್ಲ. ಈಗ ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವಳಿಗೇ ತಿಳಿಯಲಿಲ್ಲ. ಇಷ್ಟು ದಿನ ಹೊತ್ತು ತಿರುಗಿದ ಹೊರೆ ಒಮ್ಮೆಗೇ ಇಳಿದು ಮೈ ಹಗುರಾಯಿತು.

"ಅಪ್ಪಾ! ಇನ್ನೊಂದ್ಸಲ ಅನ್ನಪ್ಪಾ!" ಮಗಳು ಮಣ್ಣುಗೈಯಲ್ಲೇ ಓಡಿ ಬಂದಳು. ಅವನು ಬಾಯಿ ತೆರೆದ. "ಆಂ... ಆಂ..." ಎಂದಷ್ಟೇ ಬಂತು. ಚಿತ್ರ ತೋರಿಸಿದಾಗ ತಿರುಗುತ್ತಿದ್ದ ಹಾಗೆಯೇ ಮುಖ ಆಚೆ ತಿರುಗತೊಡಗಿತು.

ಟೈಲರಮ್ಮ ಕಣ್ಣೊರೆಸಿಕೊಂಡು ಎದ್ದಳು. ಸೀರೆಗೆ ಅಂಟಿದ ಮಣ್ಣನ್ನೂ ಕೊಡವಲಿಲ್ಲ. ಕತ್ತರಿ ಹಿಡಿದು ಸಾಲಿನಲ್ಲೇ ಎಲ್ಲಕ್ಕಿಂತ ಸೊಂಪಾಗಿದ್ದ ಗಿಡದ ಪಕ್ಕ ಹೋಗಿ ನಿಂತಳು. ಗಂಡನ ಮುಖವನ್ನೇ ನೋಡುತ್ತಾ, ಅವನಿಗೆ ಚೆನ್ನಾಗಿ ಕಾಣುವಂತೆ ಕೈ ಎತ್ತಿ, ಅದರ ನೆತ್ತಿಯನ್ನೂ ಹಾರಿಸಿದಳು.

"ಬೇ... ಬೇಡ್ವೇ! ದಡ್ಡೀ! ನನ್... ನನ್ ಗಿಡ!"

"ಅಮ್ಮಾ, ಸಾಕು! ಒಂದು ಹಣ್ಣೂ ಉಳಿಯಲ್ಲ!"

"ಸುಮ್ನಿರೇ," ಎನ್ನುತ್ತಾ ಟೈಲರಮ್ಮ ಮುಂದಿನ ಗಿಡಕ್ಕೆ ಕತ್ತರಿ ಬಿಚ್ಚಿದಳು, "ಟೊಮೆಟೊ ಅಂಗಡೀಲಿ ಸಿಗುತ್ತೆ."