ಗುಡ್ಡ ಮರೆಮಾಡಿದ ಸೀರೆ

ಬಣ್ಣ ತೆಳುಮಾಡುವ ಟರ್ಪೆಂಟೈನ್ ವಾಸನೆ ಬಂದರೆ ಇಂದಿಗೂ ನನಗೆ ಬಾದಾಮಿಯ ಹೊಂಡದ ಮೆಟ್ಟಿಲುಗಳು ನೆನಪಾಗುತ್ತವೆ. ಚಿತ್ರಕಲೆ ಕಲಿತು ಬಂದಿದ್ದ ಸೋದರಮಾವ ರಜೆಯುದ್ದಕ್ಕೂ ಅಲ್ಲಿ ಕೂತು ಕೆಂಪು ಬಂಡೆಗಳನ್ನೇ ಬರೆಯುತ್ತಿದ್ದ. “ಇವು ಕ್ಯಾಲೆಂಡರ್ ಚಿತ್ರ ಆದವು, ನನ್ನವಲ್ಲ” ಎಂದು ಎಲ್ಲವನ್ನೂ ಒರೆಸಿಬಿಡುತ್ತಿದ್ದ.

ಒಂದು ಮಧ್ಯಾಹ್ನ ಅದೇ ಮೆಟ್ಟಿಲುಗಳ ಮೇಲೆ ಅವ್ವ ಮತ್ತು ನಾನು ಒಗೆದ ಇಳಕಲ್ ಸೀರೆಯ ಎರಡು ತುದಿ ಹಿಡಿದು ಒಣಗಿಸುತ್ತಿದ್ದೆವು. ಗಾಳಿಗೆ ಸೀರೆ ಉಬ್ಬಿ ಮೇಲೆದ್ದು ಗುಡ್ಡವನ್ನೇ ಮರೆಮಾಡಿತು.

“ಅಕ್ಕಾ, ಅಲುಗಾಡಬ್ಯಾಡ! ಸಿಕ್ತು!” ಮಾವ ಕೂಗಿದ.

“ಸೀರಿ ಒಣಗೇತೋ, ಕೈ ನೋಯಾಕ್ಹತ್ಯಾವು” ಎಂದರೂ ಅವ್ವ ಕೈ ಇಳಿಸಲಿಲ್ಲ. ನಾನು ಉಸಿರು ಬಿಗಿಹಿಡಿದು ತುದಿಗಾಲಲ್ಲಿ ನಿಂತೆ. ಮಾವನ ಕುಂಚ ಓಡುತ್ತಲೇ ಇತ್ತು.

ಚಿತ್ರ ತೋರಿಸಿದಾಗ ಅವ್ವ ಬಹಳ ಹೊತ್ತು ನೋಡಿದಳು. “ಖರೇನ ನಾ ಇಷ್ಟ ಚಂದ ಅದೀನೇನೋ?”

ಮಾವನಿಗೆ ಕೇಳಿಸಲೇ ಇಲ್ಲ. ಅವನಾಗಲೇ ಹೊಸ ಕ್ಯಾನ್ವಾಸ್ ಹಿಡಿದು, ಹೊಂಡದ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರ ಕಡೆ ತಿರುಗಿ ಕುಳಿತಿದ್ದ.