ಅಮ್ಮನ ಸಾರು

ಹನ್ನೊಂದು ವರ್ಷದಿಂದ ಅವಳು ಸಾರು ಮಾಡುತ್ತಿದ್ದಾಳೆ, ಹನ್ನೊಂದು ವರ್ಷದಿಂದ ಅವಳ ಗಂಡ ಮೂಗು ಮುರಿಯುತ್ತಿದ್ದಾನೆ. ಗ್ಯಾಸ್ ಹಚ್ಚಲೂ ಬಾರದ ಆ ಮಹಾಶಯನಿಗೆ ನಾಲಿಗೆ ಮಾತ್ರ ಮೊಳದುದ್ದ.

ಆ ಭಾನುವಾರವೂ ಒಂದೇ ತುತ್ತಿಗೆ ತಟ್ಟೆ ತಳ್ಳಿದ.

“ಇದೇನು ಸಾರಾ, ಪಾತ್ರೆ ತೊಳೆದ ನೀರಾ? ನಮ್ಮಮ್ಮನ ಸಾರು ತಿಂದಿದ್ರೆ ಗೊತ್ತಾಗ್ತಿತ್ತು ನಿಂಗೆ.”

“ಅತ್ತೆ ಹೇಳಿಕೊಟ್ಟ ಹಾಗೇ ಮಾಡಿದೀನಲ್ರೀ. ಪುಡೀನೂ ಅವರೇ ಕಳಿಸಿದ್ದು.”

“ಹಾಗಾದ್ರೆ ನಿಂಗೆ ಕೈಗುಣ ಇಲ್ಲ. ತಡಿ, ಅಮ್ಮನ ಬಾಯಿಂದಲೇ ಕೇಳಿಸ್ತೀನಿ.”

ತಂಗಿಯ ಮನೆಯಲ್ಲಿದ್ದ ತಾಯಿಗೆ ಫೋನ್ ಮಾಡಿದ. ಹೆಂಡತಿ ಚೆನ್ನಾಗಿ ಕೇಳಿಸಿಕೊಳ್ಳಲಿ ಎಂದು ಸ್ಪೀಕರ್ ಹಾಕಿದ.

“ಅಮ್ಮಾ, ಚಿಕ್ಕವನಿದ್ದಾಗ ನಾನು ಬೆರಳು ನೆಕ್ಕಿಕೊಂಡು ತಿಂತಿದ್ನಲ್ಲ, ಆ ಸಾರು ಹೇಗೆ ಮಾಡ್ತಿದ್ದೆ ಅಂತ ಇವಳಿಗೆ ಹೇಳು.”

“ಯಾವ ಸಾರಪ್ಪಾ?”

“ಅದೇ, ಒಗ್ಗರಣೆ ಮೆಣಸಿನಕಾಯಿ ಕರ್ರಗಿರ್ತಿತ್ತು, ಬೆಲ್ಲದ ಉಂಡೆ ಹಾಗೇ ಬಾಯಿಗೆ ಸಿಗ್ತಿತ್ತಲ್ಲ! ಆಹಾ, ಏನು ಘಮ!”

ತಾಯಿ ಬಿದ್ದು ಬಿದ್ದು ನಕ್ಕರು.

“ಅಯ್ಯೋ ಪೆದ್ದ, ಅದು ನಂದಲ್ಲ ಕಣೋ. ತಿಂಗಳಿಗೆ ಮೂರು ದಿನ ನಾನು ಮುಟ್ಟಾಗಿ ಹೊರಗೆ ಕೂತಾಗ ನಿಮ್ಮಪ್ಪ ಸೀಯಿಸಿ ಇಡ್ತಿದ್ದ ಸಾರು ಅದು.”

ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡಳು. ಸೌಟನ್ನು ಗಂಡನ ಮುಂದಿಟ್ಟು, ಅಡುಗೆಮನೆಯಾಚೆ ಚಾಪೆ ಹಾಸಿ ಕುಳಿತಳು.

“ರೀ, ಅತ್ತೆ ಮೂರೇ ದಿನ ಕೂತು ನಿಮಗೆ ಅನ್ಯಾಯ ಮಾಡಿದ್ರು. ನಾನು ತಿಂಗಳೆಲ್ಲಾ ಕೂರ್ತೀನಿ.”